ಕುದುರೆಗೆ ನೀರು

ಅಕ್ಟೋಬರ್ 4

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಒತ್ತಕ್ಷರ ಎಲ್ಲಿ ಬರಬೇಕು ಎಲ್ಲಿ ಬರಬಾರದು ಎಂದು ಇವತ್ತಿಗೂ ಅನುಮಾನ. ಮೇಲಾಗಿ ಇಲ್ಲಿನ ಚಳಿಗೆ ಬೆರಳು ಸೆಟೆದುಕೊಂಡು ಪೆನ್ನು ಹೇಳಿದ ಮಾತು ಕೇಳುವುದಿಲ್ಲ. ಇದನ್ನು ಓದುವವಳು ನಾನೊಬ್ಬಳೇ. ಆದರೂ ಯಾರ ಹತ್ತಿರ ಮಾತು ಶುರು ಮಾಡಬೇಕಾದರೂ ಮೊದಲು ತಪ್ಪಾಯಿತು ಅನ್ನುವುದೇ ನನ್ನ ಅಭ್ಯಾಸ. ನೋಟ್‌ಬುಕ್ಕಿನ ಜೊತೆಗೂ ಹಾಗೇ ಆಯಿತು.

ನಿನ್ನೆ ಮೇಲಿನ ನಿಲ್ದಾಣಕ್ಕೆ ಬಂದೆ. ಕೆಳಗಿನ ಊರಿನಿಂದ ಬೆಟ್ಟದ ತುದಿಯವರೆಗೆ ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಬರುವ ಡಬ್ಬಿಗೆ ಇಲ್ಲಿಯವರು ತೊಟ್ಟಿಲು ಅನ್ನುತ್ತಾರೆ. ಅಪ್ಪ ಆ ತೊಟ್ಟಿಲಿನ ಬ್ರೇಕ್ ಹಿಡಿಯುವವರು. ನಾನು ಹುಟ್ಟುವ ಮೊದಲಿನಿಂದಲೂ ಅದೇ ಕೆಲಸ. ಅಮ್ಮ ತೀರಿಕೊಂಡ ಮೇಲೆ ನಾನು ಕೆಳಗೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದೆ. ಅಪ್ಪ ರಜೆಗೆ ಇಳಿದು ಬಂದು, ಎರಡು ದಿನ ಸೆಕೆ ಸೆಕೆ ಎಂದು ಗೊಣಗಿ, ಮತ್ತೆ ಹತ್ತಿ ಹೋಗುತ್ತಿದ್ದರು. ಈ ಸಲ ತಾವಾಗಿಯೇ ಹೇಳಿಕಳಿಸಿದರು, ಕ್ಯಾಂಟೀನಿನಲ್ಲಿ ಕೆಲಸ ಖಾಲಿ ಇದೆ, ಬಂದು ನನ್ನ ಜೊತೆ ಇರು ಎಂದು. ಒಂದು ಲೋಟ ನೀರನ್ನೂ ಯಾರಲ್ಲಿಯೂ ಕೇಳದ ಮನುಷ್ಯ. ಚಿಕ್ಕಮ್ಮ ನನ್ನ ಬಟ್ಟೆ ಮಡಚುತ್ತಾ, "ಸೂರ್ಯ ಯಾವ ದಿಕ್ಕಲ್ಲಿ ಹುಟ್ಟಿದ ಇವತ್ತು?" ಅಂದಳು.

ತೊಟ್ಟಿಲಿನಿಂದ ಇಳಿದು ನಮ್ಮ ಕೋಣೆಗೆ ಮೆಟ್ಟಿಲು ಹತ್ತಬೇಕು. ಅರ್ಧಕ್ಕೇ ಎದೆ ಹೇಗೆ ಬಡಿದುಕೊಂಡಿತು ಎಂದರೆ ಹೊರಗಿನವರಿಗೂ ಕೇಳಿಸೀತು ಅನ್ನಿಸಿತು. ಮೇಲೆ ಗಾಲಿಗಳಿಗೆ ಗ್ರೀಸ್ ಹಚ್ಚುತ್ತಿದ್ದವನೊಬ್ಬ ನನ್ನನ್ನೇ ನೋಡುತ್ತಿದ್ದ. ಅದಕ್ಕೇ ಇರಬೇಕು ಅಂದುಕೊಂಡೆ. ಹೊಸಬರು ನೋಡಿದರೆ ನನ್ನ ಎದೆ ಯಾವಾಗಲೂ ಹೀಗೆಯೇ.

"ನಾಚ್ಕೆ ಅಲ್ಲ ಕಣೇ, ಎತ್ತರ," ಅಂದರು ಅಪ್ಪ. ಅವರೂ ಕಂಬಿ ಹಿಡಿದು ನಿಂತರು. ನನಗೋಸ್ಕರ ನಿಂತರು. ಪಾಪ, ಬಹಳ ಹೊತ್ತು ನಿಂತರು.

ಅಕ್ಟೋಬರ್ 9

ಇವತ್ತು ನರ್ಸಕ್ಕ ಬಂದಿದ್ದರು. ತಿಂಗಳಿಗೊಮ್ಮೆ ಕೆಳಗಿನಿಂದ ಪೆಟ್ಟಿಗೆ ಹಿಡಿದು ಬಂದು, ಮೇಲೆ ಕೆಲಸ ಮಾಡುವವರ ಎದೆಬಡಿತ ನೋಡಿ ಹೋಗುತ್ತಾರೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ. ಹದ ತಪ್ಪಿದವರು ಕೆಳಗಿನ ನಿಲ್ದಾಣಕ್ಕೆ ಇಳಿಯಬೇಕು. ಅಲ್ಲಿ ಟಿಕೆಟ್ ಹರಿಯುವ ಕೆಲಸ. ಆ ಮಾತು ಎತ್ತಿದರೆ ಅಪ್ಪ ಮುಖ ಹುಳಿ ಮಾಡುತ್ತಾರೆ.

ಬೆಳಿಗ್ಗೆ ಯಂತ್ರದ ಕೋಣೆಯ ಹಿಂದೆ ಒಂದು ತಮಾಷೆ ನೋಡಿದೆ. ಅಲ್ಲಿ ಕಲ್ಲಿನ ತೊಟ್ಟಿ ಇದೆ, ನೀರಿನ ಮೇಲೆ ಗಾಜಿನ ಹಾಗೆ ತೆಳ್ಳಗೆ ಮಂಜುಗಡ್ಡೆ. ಗಂಡಸರೆಲ್ಲಾ ಸಾಲಾಗಿ ಬಂದು, ಗಡ್ಡೆ ಒಡೆದು, ಉಸಿರು ಕಟ್ಟಿ ಮುಖ ಮುಳುಗಿಸುತ್ತಿದ್ದರು. ಗ್ರೀಸ್ ಹಚ್ಚುವವನನ್ನು ಎಲ್ಲರೂ ಗ್ರೀಸಣ್ಣ ಅನ್ನುತ್ತಾರೆ. ಅವನು ತೊಟತೊಟ ನೀರು ಸುರಿಸುತ್ತಾ ತಲೆಯೆತ್ತಿ ನನಗೆ ಹೇಳಿದ, "ಕುದುರೆಗೆ ನೀರು ಕುಡಿಸ್ತಾ ಇದೀವಿ. ನೀರು ಕುಡಿದ ಕುದುರೆ ಓಡಲ್ಲ. ನರ್ಸಕ್ಕ ಕಿವಿ ಇಟ್ರೆ ಟಕ್ ಟಕ್ ಅಂತ ರಾಜಗಾಂಭೀರ್ಯ!"

ಕುದುರೆ ಎಂದರೆ ಗುಂಡಿಗೆಯಂತೆ. ಮುಖಕ್ಕೆ ಮಂಜಿನ ನೀರು ತಗುಲಿದರೆ ಬಡಿತ ನಿಧಾನವಾಗುತ್ತದಂತೆ. ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಒಳಗೆ ಓಡಿ ಮಲಗಿಬಿಡಬೇಕು.

ಅಪ್ಪ ಹಿರಿಯರು, ಹುಡುಗರ ಜೊತೆ ತೊಟ್ಟಿಗೆ ಬಗ್ಗುವುದು ಚೆಂದವಲ್ಲ. ನನ್ನನ್ನು ಕರೆದು, ಒಂದು ಬೋಗುಣಿಯಲ್ಲಿ ನೀರು ತಂದು ನರ್ಸಕ್ಕನ ಕೋಣೆಯ ಪಕ್ಕದ ಸಾಮಾನು ಮನೆಯಲ್ಲಿ ಇಡು ಅಂದರು. ತಂದಿಟ್ಟೆ. ಹಿರಿಯರ ಸರದಿ ಮೊದಲು, ಹಾಗಾಗಿ ಮುಖ ಎತ್ತಿದ ಕೂಡಲೇ ಒಳಗೆ ಹೋದರು. ಹೊರಬರುವಾಗ ಮೀಸೆ ಒರೆಸಿಕೊಳ್ಳುತ್ತಾ ನಗುತ್ತಿದ್ದರು. "ಎಳೇ ಹುಡುಗನ ಗುಂಡಿಗೆ ಅಂದ್ರು ಕಣೇ."

ನನ್ನದನ್ನೂ ನೋಡಿದರು. ನಾನು ನೀರು ಮುಟ್ಟಿರಲಿಲ್ಲ. ನಿಂತ ತಕ್ಷಣ ಪೆಟ್ಟಿಗೆಯ ಮುಳ್ಳು ಜಿಗಿದು ಹೋಯಿತು. ನರ್ಸಕ್ಕ ಬೈಯಲಿಲ್ಲ. "ಗುಂಡಿಗೆಗೆ ಎರಡು ಕಡೆಯಿಂದ ನರಗಳು ಹುಕುಂ ಕೊಡ್ತವೆ ಮಗು. ಒಂದು ಓಡು ಅನ್ನುತ್ತೆ, ಒಂದು ತಡಿ ಅನ್ನುತ್ತೆ. ಇಲ್ಲಿ ಗಾಳಿ ತೆಳು, ಮೈಗೆ ಸಾಲಲ್ಲ, ಚಳಿ ಬೇರೆ. ಅದಕ್ಕೆ ಓಡು ಅನ್ನೋದರ ಗಂಟಲು ದೊಡ್ಡದಾಗುತ್ತೆ. ಕೆಲವು ವಾರ ಹೋದ್ರೆ ಎರಡೂ ರಾಜಿ ಆಗ್ತವೆ. ಬಿಸಿನೀರು ಕುಡಿ, ಮೆಟ್ಟಿಲು ನಿಧಾನ ಹತ್ತು."

ನಾಚಿಕೆಗೂ ಅದೇ ನರವಾ ಎಂದು ಕೇಳಬೇಕು ಅನ್ನಿಸಿತು. ಬಾಯಿ ಬರಲಿಲ್ಲ.

ಅಕ್ಟೋಬರ್ 10

ಗ್ರೀಸಣ್ಣ ನನಗೆ ಬಸವನಹುಳು ಎಂದು ಹೆಸರಿಟ್ಟಿದ್ದಾನೆ. ಮುಟ್ಟುವ ಮೊದಲೇ ಚಿಪ್ಪಿನೊಳಗೆ ಹೋಗುತ್ತೇನಂತೆ. ಚಹಾ ಕೊಡುವಾಗ ಲೋಟ ಅವನ ಕಡೆ ಸ್ವಲ್ಪ ಜೋರಾಗಿ ಇಟ್ಟೆ. ಅಷ್ಟೇ ಕೈಲಾಗಿದ್ದು.

ಅಕ್ಟೋಬರ್ 27

ದಿನವೂ ಒಂದೇ ಕೆಲಸ, ಏನು ಬರೆಯುವುದು? ಲೋಟ ತೊಳೆಯುವುದು, ಒಲೆ ಉರಿಸುವುದು. ಬಿಡುವಿದ್ದಾಗ ಎಲ್ಲರ ಗ್ಲೌಸು ಹೊಲಿಯುತ್ತೇನೆ. ಬ್ರೇಕಿನವರ ಗ್ಲೌಸಿಗೆ ಅಂಗೈಯಲ್ಲಿ ದಪ್ಪ ಚರ್ಮದ ತೇಪೆ ಬೇಕು, ಹಿಡಿ ಅಲ್ಲೇ ಉಜ್ಜುವುದು.

ಅಪ್ಪನ ಹಳೆಯ ಜೋಡಿಯಲ್ಲಿ ಬಲಗೈ ಮಾತ್ರ ಸವೆದಿದೆ. ಈಗಿನದರಲ್ಲಿ ಎರಡೂ ಕೈ ಸವೆದಿದೆ. ಕೇಳಿದ್ದಕ್ಕೆ, "ಎಡಗೈಗೂ ಸ್ವಲ್ಪ ಕೆಲಸ ಕಲಿಸ್ತಾ ಇದೀನಿ, ಕೂತು ತಿಂದ್ರೆ ಕೊಬ್ಬುತ್ತೆ," ಅಂದರು.

ಮಧ್ಯಾಹ್ನ ಬೆನ್ನು ನೋವು ಎಂದು ಬೋರಲು ಮಲಗಿದ್ದರು. ಎಣ್ಣೆ ತಿಕ್ಕುತ್ತಾ, ಬೆಚ್ಚಗಿತ್ತು ಎಂದು, ಸುಮ್ಮನೆ ಅವರ ಬೆನ್ನಿಗೆ ಕಿವಿಯಿಟ್ಟೆ. ಚಿಕ್ಕವಳಿದ್ದಾಗ ಹೀಗೆ ಮಲಗುತ್ತಿದ್ದೆ. ಆಗ ಒಳಗಿನ ಸದ್ದು ಗೋಡೆ ಗಡಿಯಾರದ ಹಾಗಿತ್ತು. ಈಗ ಹಾಗಿಲ್ಲ. ಓಡುತ್ತದೆ, ಓಡುತ್ತಾ ಎಡವುತ್ತದೆ, ಒಂದು ಗಳಿಗೆ ಏನೂ ಇಲ್ಲ, ಮತ್ತೆ ಗಾಬರಿಯಿಂದ ಎದ್ದು ಓಡುತ್ತದೆ.

"ಏನು ಕೇಳಿಸ್ತು?" ಎಂದು ಕೇಳಿದರು, ಮುಖ ಆ ಕಡೆಗಿಟ್ಟು.

"ಏನೂ ಇಲ್ಲಪ್ಪ."

"ಅದೇ ಮತ್ತೆ. ಏನೂ ಇಲ್ಲ."

ನಮ್ಮಿಬ್ಬರದೂ ಒಂದೇ ಉತ್ತರ. ಆದರೂ ಆಮೇಲೆ ಎಣ್ಣೆ ತಿಕ್ಕುವುದಕ್ಕೆ ಕೈ ಬರಲಿಲ್ಲ.

ನವೆಂಬರ್ 9

ಮತ್ತೆ ನರ್ಸಕ್ಕ, ಮತ್ತೆ ಬೋಗುಣಿ.

ನೀರು ತಂದಿಟ್ಟು ಹೊರಗೆ ಹೋಗದೆ ಬಾಗಿಲಲ್ಲಿ ನಿಂತೆ. ಅಪ್ಪ ಮುಖ ಮುಳುಗಿಸಿದರು. ಎತ್ತಿದಾಗ ಬೋಗುಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ತುಟಿ ಬೂದಿ ಬಣ್ಣ. ಕಣ್ಣು ನನ್ನ ಮೇಲಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ನಾನು ಅವರ ತೋಳು ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಉಸಿರು ಬಂತು. "ಭಾರೀ ತಣ್ಣಗಿದೆ ಕಣೇ ನಿನ್ನ ನೀರು," ಎಂದು ಟವಲಿನಿಂದ ಒರೆಸಿಕೊಂಡು, ನೆಟ್ಟಗೆ ನಡೆದು ಒಳಗೆ ಹೋದರು. ಪಾಸಾದರು.

ಎಲ್ಲರದೂ ಮುಗಿದ ಮೇಲೆ ನರ್ಸಕ್ಕ ಕ್ಯಾಂಟೀನಿಗೆ ಬಂದು ಒಲೆಯ ಹತ್ತಿರ ಕೂತರು. ಚಹಾ ಕೊಟ್ಟೆ. "ಈ ಬೆಟ್ಟದಲ್ಲಿ ನಾನು ಬರೋ ದಿನ ಮಾತ್ರ ಎಲ್ಲರೂ ತಲೆಗೆ ಸ್ನಾನ ಮಾಡ್ತಾರೆ, ನೋಡಿದೀಯಾ?" ಅಂದರು. ನಾನು ಲೋಟ ಒರೆಸಿದೆ.

"ಒದ್ದೆ ತಲೆಯವರನ್ನೆಲ್ಲಾ ಕೆಳಗೆ ಕಳಿಸಿದ್ರೆ ತೊಟ್ಟಿಲು ತೂಗೋಕೆ ಯಾರೂ ಇರಲ್ಲ. ಹೇಳಿ ಹೇಳಿ ಸಾಕಾಯ್ತು, ನಗ್ತಾರೆ. ಮುಖಕ್ಕೆ ಮಂಜಿನ ನೀರು ಬಿದ್ರೆ, ಅಯ್ಯೋ ಮುಳುಗ್ತಾ ಇದೀನಿ ಅಂದ್ಕೊಂಡು ಮೈಯೇ ಗುಂಡಿಗೆನ ತಡೆಯುತ್ತೆ. ಅದೇ ಹೊತ್ತಿಗೆ ಚಳಿಗೆ ಬೆಚ್ಚಿಬಿದ್ದ ಇನ್ನೊಂದು ನರ ಓಡು ಓಡು ಅನ್ನುತ್ತೆ. ಗಟ್ಟಿ ಹುಡುಗರಿಗೆ ಏನೂ ಆಗಲ್ಲ ಬಿಡು. ದಣಿದ ಗುಂಡಿಗೆಗೆ ಹಾಗಲ್ಲ. ಲಗಾಮು ಎಳೀತಾ ಚಾಟಿ ಹೊಡೆದ್ರೆ ಕುದುರೆ ಏನು ಮಾಡೀತು? ಮುಗ್ಗರಿಸುತ್ತೆ."

ಅವರಿಗೂ ಕುದುರೆಯ ವಿಷಯ ಗೊತ್ತು ಹಾಗಾದರೆ.

ಹೋಗುವಾಗ ಸುಮ್ಮನೆ ಕೇಳಿದರು, "ನಿಮ್ಮಪ್ಪ ಹೇಗಿದಾರೆ, ಮನೇಲಿ?"

"ಚೆನ್ನಾಗಿದಾರೆ," ಅಂದೆ. ಅದೊಂದೇ ಮಾತು ಇವತ್ತು ನಾನು ಅವರ ಜೊತೆ ಆಡಿದ್ದು. ಅದೂ ಸುಳ್ಳು.

ನನ್ನ ಬಡಿತ ಸುಧಾರಿಸಿದೆಯಂತೆ. ನಿಂತರೂ ಮುಳ್ಳು ಅಷ್ಟು ಜಿಗಿಯಲಿಲ್ಲ.

ನವೆಂಬರ್ 21

ಅಪ್ಪನಿಗೆ ರಜೆ. ಗ್ಲೌಸಿಗೆ ಚರ್ಮ ತರುವ ನೆಪದಲ್ಲಿ ಇಬ್ಬರೂ ಇಳಿದೆವು. ತೊಟ್ಟಿಲು ಇಳಿಯುತ್ತಿದ್ದ ಹಾಗೆ ಕಿವಿಯಲ್ಲಿ ಟಪ್ ಅಂತು, ಬೆರಳು ಬಿಸಿಯಾದವು. ಮೇಲೆ ಬರೀ ಬಂಡೆ. ಮಧ್ಯಕ್ಕೆ ಬಂದಾಗ ಹುಲ್ಲು, ಆಮೇಲೆ ಪೊದೆ, ಆಮೇಲೆ ಮರ. ಕೆಳಗಿನ ನಿಲ್ದಾಣದಲ್ಲಿ ಬಾಗಿಲು ತೆಗೆದರೆ ಗಾಳಿ ಬೆಚ್ಚಗೆ, ದಪ್ಪಗೆ, ಗಂಜಿಯ ಹಾಗೆ ಒಳಗೆ ಇಳಿಯಿತು.

ಚಿಕ್ಕಮ್ಮನ ಮನೆ ಮೂರನೇ ಮಹಡಿ. ಮೆಟ್ಟಿಲಲ್ಲಿ ನಾನು ಹಿಂದೆ ಹಿಂದೆ ಹೋದೆ, ಎಲ್ಲಿಯಾದರೂ ನಿಂತರೆ ಎಂದು. ಅಪ್ಪ ನಿಲ್ಲಲಿಲ್ಲ. ಮೇಲೆ ಹೋಗಿ ಬಾಗಿಲು ಬಡಿದು, "ಏನಮ್ಮಾ, ಸಾಲ ವಸೂಲಿಗೆ ಬಂದಿದೀನಿ, ತೆಗಿ!" ಎಂದು ಗಟ್ಟಿಯಾಗಿ ಕೂಗಿದರು. ಚಿಕ್ಕಮ್ಮ, "ಭಾವ, ನಿಮ್ಮ ಗಂಟಲಿಗೆ ಬೆಟ್ಟವೇ ಸರಿ, ಇಲ್ಲಿ ಅಕ್ಕಪಕ್ಕದವರು ಇದಾರೆ," ಎಂದು ಬೈದಳು. ಊಟ ಮಾಡಿದರು, ಮತ್ತೆ ಹಾಕಿಸಿಕೊಂಡರು. ಕಿಟಕಿಯ ಪಕ್ಕ ಬಾಯಿ ತೆರೆದು ಮಲಗಿದರು. ತುಟಿ ಕೆಂಪಗಿತ್ತು. ಎಷ್ಟು ದಿನವಾಗಿತ್ತು ಅವರ ತುಟಿ ಕೆಂಪಗಿದ್ದದ್ದು ನೋಡಿ!

ಚಿಕ್ಕಮ್ಮ ಅಡುಗೆಮನೆಯಲ್ಲಿ, "ಭಾವ ಸೊರಗಿ ಹೋಗಿದಾರೆ. ಏನೇ ವಿಷಯ?" ಎಂದಳು. ನಾನು ಹೇಳುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಹಾಲು ಉಕ್ಕಿತು. ಹಾಲಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿದೆ.

ಹಿಂದಿರುಗುವಾಗ ಅಪ್ಪ ಹೇಳಿದರು, "ಕೆಳಗಿನ ಗಾಳಿ ಭಾರ ಕಣೇ. ಮೈ ಸೋಮಾರಿ ಆಗುತ್ತೆ. ಇಲ್ಲಿ ಕೂತು ಟಿಕೆಟ್ ಹರೀತಾ ಇದ್ರೆ ನಾನು ಯಾರು? ಮೇಲೆ, ನಾನು ಕೈ ಎಳೆದ್ರೆ ಬೆಟ್ಟವೇ ನಿಲ್ಲುತ್ತೆ."

ಅರ್ಧ ದಾರಿಯಲ್ಲಿ, ಮರಗಳು ಮುಗಿಯುವ ಕಡೆ, ಅವರ ಮಾತೂ ಮುಗಿಯಿತು. ಉಸಿರಿಗೇ ಬಾಯಿ ಬೇಕಾಯಿತು.

ನವೆಂಬರ್ 22

ಗಾಳಿ. ಮಧ್ಯಾಹ್ನದಿಂದ ತೊಟ್ಟಿಲು ಓಡಲಿಲ್ಲ. ಮೇಲೇ ಸಿಕ್ಕಿಬಿದ್ದ ಪ್ರಯಾಣಿಕನೊಬ್ಬ ತಡೆಗಂಬಿ ದಾಟಿ ಫೋಟೊ ತೆಗೆಯಲು ಹೋದ. ಈಚೆ ಬಾರಯ್ಯಾ, ನಿನ್ನನ್ನು ಹುಡುಕೋಕೆ ಯಾರು ಇಳೀತಾರೆ ಎಂದು ಕೂಗಿದೆ. ಬಂದ. ಗ್ರೀಸಣ್ಣ ಯಾಕೋ ಎರಡು ಲೋಟ ಚಹಾ ಕುಡಿಯುವವರೆಗೂ ನನ್ನನ್ನು ಬಸವನಹುಳು ಅನ್ನಲಿಲ್ಲ. ಒಲೆ ಸರಿಯಾಗಿ ಉರಿಯುತ್ತಿಲ್ಲ, ಕೊಳವೆ ಬಿಚ್ಚಿ ಮಸಿ ತೆಗೆಯಬೇಕು.

ಡಿಸೆಂಬರ್ 2

ಇವತ್ತಿನದನ್ನು ಇವತ್ತೇ ಬರೆಯಬೇಕು.

ಸಂಜೆಯ ತೊಟ್ಟಿಲು ಜನ ತುಂಬಿಕೊಂಡು ಬರುತ್ತಿತ್ತು. ನಾನು ಅಪ್ಪನಿಗೆ ಚಹಾ ಒಯ್ದಿದ್ದೆ. ತೊಟ್ಟಿಲು ಕಟ್ಟೆಯ ಹತ್ತಿರ ಬಂದಾಗ ಬ್ರೇಕಿನ ಹಿಡಿಯನ್ನು ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅಪ್ಪ ಎಳೆಯತೊಡಗಿದ್ದು ನೋಡಿದೆ. ಆಮೇಲೆ ಅವರ ತಲೆ ಎದೆಯ ಮೇಲೆ ಬಗ್ಗಿತು, ನಿದ್ದೆ ಬಂದವರ ಹಾಗೆ. ಹಿಡಿ ಹಿಂದಕ್ಕೆ ಹೋಯಿತು. ನಾನು ಕೂಗಿದೆ. ಏನು ಕೂಗಿದೆನೋ. ಗ್ರೀಸಣ್ಣ ಏಣಿಯಿಂದ ಹಾರಿ ಬಂದು ಹಿಡಿಯ ಮೇಲೆ ಮೈಯನ್ನೇ ಚೆಲ್ಲಿದ. ತೊಟ್ಟಿಲು ಕಟ್ಟೆಯ ತುದಿಯ ರಬ್ಬರ್ ದಿಂಬಿಗೆ ದಢ್ ಎಂದು ಬಡಿದು ನಿಂತಿತು. ಒಬ್ಬ ಹೆಂಗಸಿನ ಫ್ಲಾಸ್ಕ್ ಒಡೆಯಿತು, ಯಾರಿಗೂ ಏನೂ ಆಗಲಿಲ್ಲ.

ಎಲ್ಲರೂ ಓಡಿ ಬಂದಾಗ ಅಪ್ಪ ನೆಟ್ಟಗೆ ಕೂತಿದ್ದರು. "ಗ್ಲೌಸ್ ಜಾರ್ತು," ಅಂದರು. "ಹೊಸ ತೇಪೆ. ಹೊಸ ಚರ್ಮ ನುಣುಪು."

ಎಲ್ಲರೂ ನನ್ನ ಕಡೆ ನೋಡಿದರು. ತೇಪೆ ಹಾಕಿದವಳು ನಾನು.

ತಪ್ಪಾಯಿತು ಅನ್ನುವುದು ನನಗೆ ಅಭ್ಯಾಸ. ಅಂದೆ. ಅಪ್ಪ ನೆಲ ನೋಡಿದರು.

ಡಿಸೆಂಬರ್ 3

ಆ ಗ್ಲೌಸು ಜಾರುವುದಿಲ್ಲ. ಚರ್ಮದ ನುಣುಪು ಮೈ ಒಳಗೆ, ಒರಟು ಮೈ ಹೊರಗೆ ಇಟ್ಟು ಹೊಲಿದಿದ್ದೇನೆ. ಬೆಳಿಗ್ಗೆ ತಂದು ಒಲೆಯ ಬೆಳಕಿನಲ್ಲಿ ಉಜ್ಜಿ ನೋಡಿದೆ. ಬೆಕ್ಕಿನ ನಾಲಿಗೆಯ ಹಾಗಿದೆ.

ಗ್ರೀಸಣ್ಣ ಬಂದ. ನಗಲಿಲ್ಲ. ಗ್ಲೌಸನ್ನು ತಾನೂ ಉಜ್ಜಿ ನೋಡಿದ.

"ನರ್ಸಕ್ಕನಿಗೆ ಹೇಳು," ಅಂದ.

"ನೀನೇ ಹೇಳು."

"ನಾನು ಹೇಳಿದ್ರೆ ನಿಮ್ಮಪ್ಪನ ಜಾಗಕ್ಕೆ ಕಣ್ಣು ಹಾಕಿದ ಅಂತಾರೆ. ಅವರು ಇಳಿದ್ರೆ ಆ ಹಿಡಿ ನನಗೇ ಬರೋದು. ಅವರೂ ಹಾಗೇ ಅಂದ್ಕೋತಾರೆ. ಅದನ್ನ ನಾನು ತಡ್ಕೊಳ್ಳಲ್ಲ. ಆ ಹಿಡಿ ಮೇಲೆ ನನ್ನ ಕೈಯಿಟ್ಟು ಕಲಿಸಿದವರು ಅವರು." ಗ್ಲೌಸನ್ನು ನನ್ನ ಕೈಗೆ ಕೊಟ್ಟು, "ತೊಟ್ಟಿಯ ಆಟ ಶುರು ಮಾಡಿದ್ದು ನಾವು ಹುಡುಗರು. ತಮಾಷೆಗೆ. ಅವರು ಅದನ್ನ ನಿಜಕ್ಕೂ ನಂಬ್ಕೊಂಡು ಕೂತಿದಾರೆ ಅಂತ ಗೊತ್ತಿರಲಿಲ್ಲ," ಅಂದ.

ನನಗೆ ಮಾತು ಬರಲ್ಲ ಅಂದೆ.

"ನಿನ್ನೆ ಕೂಗಿದ್ದು ಯಾರು ಮತ್ತೆ? ಆ ಕೂಗಿಗೇ ನಾನು ಏಣಿಯಿಂದ ಬಿದ್ದಿದ್ದು. ಹಾರಿದ್ದಲ್ಲ, ಬಿದ್ದಿದ್ದು. ಯಾರಿಗೂ ಹೇಳ್ಬೇಡ."

ಡಿಸೆಂಬರ್ 6

ಅಪ್ಪನ ಜೊತೆಯೇ ಮಾತಾಡೋಣ ಎಂದು ಕೂತೆ. ಅವರು ಗ್ಲೌಸು ಹಾಕಿಕೊಳ್ಳುತ್ತಾ, "ತೇಪೆ ಚೆನ್ನಾಗಿದೆ," ಅಂದರು. "ಬಹಳ ಚೆನ್ನಾಗಿದೆ." ಕಣ್ಣು ಎತ್ತಲಿಲ್ಲ. ಅದು ಕ್ಷಮೆ ಕೇಳಿದ್ದು ಎಂದು ನನಗೆ ಗೊತ್ತು. ಕ್ಷಮೆಯ ವಿಷಯದಲ್ಲಿ ನಾನು ಪಂಡಿತೆ.

ಅವರು ಕ್ಷಮೆ ಕೇಳಿದ ಮೇಲೆ ಜಗಳಕ್ಕೆ ಜಾಗವೇ ಇರಲಿಲ್ಲ. ಮೇಲೆ ಇರಬೇಕೆಂಬ ಆಸೆ ಎಷ್ಟಿರಬೇಕು, ಮಗಳ ಹೊಲಿಗೆಯ ಮೇಲೆ ಸುಳ್ಳು ಹೊರಿಸುವಷ್ಟು. ನೀರು ಹೊತ್ತುಕೊಡುವವಳು ನಾನು. ಇದನ್ನು ಬರೆದು ಪೆನ್ನು ಕೆಳಗಿಟ್ಟೆ, ಮತ್ತೆ ಎತ್ತಿ ಓದಿದೆ. ನೀರು ಹೊತ್ತುಕೊಡುವವಳು ನಾನು.

ಡಿಸೆಂಬರ್ 9

ಅಪ್ಪ ಕ್ಯಾಂಟೀನಿನ ಬೆಂಚಿನ ಮೇಲೆ ಮಲಗಿದ್ದಾರೆ, ಮೇಲೆ ಮೂರು ಕಂಬಳಿ. ನರ್ಸಕ್ಕ ಪಕ್ಕದಲ್ಲೇ ಕೂತು ಅವರ ಮಣಿಕಟ್ಟು ಹಿಡಿದಿದ್ದಾರೆ. ಗಾಳಿ ಇಳಿದರೆ ಮಧ್ಯಾಹ್ನದ ತೊಟ್ಟಿಲಿನಲ್ಲಿ ಅವರನ್ನು ಕರೆದುಕೊಂಡು ಹೋಗುತ್ತಾರೆ. ಕೆಳಗೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು. ಗುಂಡಿಗೆ ತಾಳ ತಪ್ಪಿದೆ, ಔಷಧಿ ಇದೆ, ಬೆಚ್ಚಗಿನ ದಪ್ಪ ಗಾಳಿ ಅದಕ್ಕಿಂತ ಮೊದಲು ಬೇಕು ಅಂದರು. "ಇನ್ನೊಂದು ಚಳಿಗಾಲ ಇಲ್ಲಿ ಕಳೆದಿದ್ರೆ ನಾನು ಔಷಧಿ ಬದಲು ಹೂವು ತರ್ಬೇಕಾಗಿತ್ತು," ಎಂದು ಅಪ್ಪನಿಗೆ ನೇರವಾಗಿಯೇ ಹೇಳಿದರು. ಅಪ್ಪ, "ಯಾವ ಹೂವು?" ಎಂದು ಕೇಳಿದರು. ನರ್ಸಕ್ಕ ಅವರ ಕೈ ಮೇಲೆ ಮೆಲ್ಲಗೆ ಹೊಡೆದರು.

ಬ್ರೇಕಿನಲ್ಲಿ ಇವತ್ತು ಗ್ರೀಸಣ್ಣ. ಅಪ್ಪನೇ ಕರೆದು ತಮ್ಮ ಗ್ಲೌಸು ಕೊಟ್ಟರು. "ಜಾರಲ್ಲ. ನನ್ನ ಮಗಳು ಹೊಲಿದಿದ್ದು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಗ್ರೀಸಣ್ಣ ಆಮೇಲೆ ನನ್ನನ್ನು ಕೇಳಿದ, ನೀನೂ ಇಳಿದು ಹೋಗ್ತೀಯಾ ಎಂದು. ಅಪ್ಪನನ್ನು ಚಿಕ್ಕಮ್ಮನ ಮನೆಗೆ ಬಿಟ್ಟು, ನಾಲ್ಕು ದಿನ ಇದ್ದು ಬರುತ್ತೇನೆ ಅಂದೆ. ನಿನ್ನ ಕೈಯಲ್ಲಿ ಗ್ಲೌಸು ವಾರ ಬಾಳುವುದಿಲ್ಲ, ಆಮೇಲೆ ಯಾರು ಹೊಲಿಯುತ್ತಾರೆ ಎಂದೂ ಕೇಳಿದೆ.

ನರ್ಸಕ್ಕ ನನ್ನನ್ನೂ ನೋಡಿದರು, ಮಲಗಿಸಿ, ನಿಲ್ಲಿಸಿ. ಇಲ್ಲೇ ಹುಟ್ಟಿದವಳ ಹಾಗಿದೆಯಂತೆ. ಅವರು ತೋಳಿಗೆ ಸುತ್ತಿದ ಪಟ್ಟಿ ಬಿಚ್ಚುವಾಗ ಕೇಳಿದೆ, ನಾಚಿಕೆಯಾದಾಗ ಎದೆ ಬಡಿದುಕೊಳ್ಳುವುದೂ ಅದೇ ನರದಿಂದಲೇ ಎಂದು. ಅವರು ನಕ್ಕು, "ಅದೇ ನರ, ಅದೇ ಹುಕುಂ. ಬೆಟ್ಟಕ್ಕೂ ಜನಕ್ಕೂ ಅದು ವ್ಯತ್ಯಾಸ ಮಾಡಲ್ಲ," ಅಂದರು. ಹಾಗೇ ಇರಬೇಕು ಅಂದುಕೊಂಡಿದ್ದೆ.

ನರ್ಸಕ್ಕನಿಗೆ ಹೇಳಬೇಕಾದ ಮಾತನ್ನು ಮೂರು ದಿನದಿಂದ ಒಲೆಯ ಮುಂದೆ ಒಪ್ಪಿಸಿ ಒಪ್ಪಿಸಿ ಬಾಯಿಪಾಠ ಮಾಡಿದ್ದೆ. ಅದನ್ನು ಹೇಳಲೇ ಇಲ್ಲ. ಈ ಸಲ ಅಪ್ಪ ಒಣ ಮುಖದಲ್ಲೇ ಪರೀಕ್ಷೆಗೆ ಹೋದರು, ಅವರ ಗುಂಡಿಗೆಯೇ ಎಲ್ಲಾ ಹೇಳಿತು.

ಆಗಿದ್ದು ಇಷ್ಟು: ಬೆಳಿಗ್ಗೆ ತೊಟ್ಟಿಯಲ್ಲಿ ಗಡ್ಡೆ ದಪ್ಪಗಿತ್ತು. ಕಲ್ಲಿನಿಂದ ಒಡೆದು ಬೋಗುಣಿ ತುಂಬಿಕೊಂಡು ಬಂದೆ. ಸಾಮಾನು ಮನೆಗೆ ಹೋಗುವ ದಾರಿಯಲ್ಲೇ ಕ್ಯಾಂಟೀನು, ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು. ಅರ್ಧ ನೀರು ಹೊರಗೆ ಚೆಲ್ಲಿದೆ. ಕೆಟಲಿನಿಂದ ಸುರಿದು ಬೆರಳದ್ದಿ ನೋಡಿದೆ, ಮಗುವಿಗೆ ನೋಡುವ ಹಾಗೆ. ಒಯ್ದು ಅಪ್ಪನ ಮುಂದಿಟ್ಟೆ. ಹಬೆ ಏಳುತ್ತಿತ್ತು.

ಅಪ್ಪ ಹಬೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಗೋಡೆಯ ಆ ಕಡೆ ನರ್ಸಕ್ಕ ಪೆಟ್ಟಿಗೆ ತೆರೆಯುವ ಸದ್ದು ಕೇಳಿಸುತ್ತಿತ್ತು.

ನಾನು ತಪ್ಪಾಯಿತು ಅನ್ನಲಿಲ್ಲ.

ಎರಡೂ ಕೈಯನ್ನು ನೀರಿನಲ್ಲಿ ಮುಳುಗಿಸಿ ಬಹಳ ಹೊತ್ತು ಹಾಗೇ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಇನ್ನೂ ಸ್ವಲ್ಪ ಬಿಸಿ ಇದೆಯೇನೇ?"

ಕೆಟಲಿನಲ್ಲಿ ಉಳಿದಿದ್ದನ್ನು ತಂದು, ಅವರ ಕೈಗೆ ತಾಗದ ಹಾಗೆ, ಬೋಗುಣಿಯ ಅಂಚಿಗೆ ಸುರಿದೆ.